ಇಲಿಯ ಸುದ್ದಿ ಇಲಿಯದೆಂದೇ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ‘ಮೆದುಳಿನಲ್ಲಿ ಹೊಸ ನರಕೋಶ ಬೆಳೆಸುವ ಏಳು ಆಹಾರ’ ಎಂಬ ಬರಹ ಬಂದಿತ್ತು. ಅರಿಶಿನ, ವಾಲ್‌ನಟ್, ಮೀನು, ಒಂದೆಲಗ, ಕೊಬ್ಬರಿ ಎಣ್ಣೆ, ಬ್ಲೂಬೆರಿ, ಡಾರ್ಕ್ ಚಾಕೊಲೇಟ್. ಕೆಳಗೆ ಬಾಕ್ಸ್‌ನಲ್ಲಿ ‘ಹಾರ್ಮೋನು ಸರಿಯಿದ್ದರೆ ಮೆದುಳಿಗೆ ಮುಪ್ಪಿಲ್ಲ’ ಎಂದು ಎರಡು ಸಾಲು. ಇಡೀ ಬರಹದಲ್ಲಿ ‘ಇಲಿ’ ಎಂಬ ಪದ ಒಂದು ಸಲವೂ ಇರಲಿಲ್ಲ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗಿದೆ, ಜಾಗ ಮಾಡಿಕೊಡಿ ಎಂದು ಕೇಳಿಕೊಳ್ಳುತ್ತೇನೆ.

ನಾನು ತಿಪಟೂರಿನವಳು. ಪಿಯು ಕಾಲೇಜಿನಲ್ಲಿ 33 ವರ್ಷ ಜೀವಶಾಸ್ತ್ರ ಪಾಠ ಮಾಡಿ 2019ರಲ್ಲಿ ನಿವೃತ್ತಳಾದೆ. ನನಗಿಂತ ಐದು ವರ್ಷಕ್ಕೆ ದೊಡ್ಡವಳಾದ ಅಕ್ಕ ತುರುವೇಕೆರೆ ಹತ್ತಿರದ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅವರ ಮನೆ ಫ್ರಿಜ್ಜಿನ ಬಾಗಿಲ ಮೇಲೆ ಇಂಥದ್ದೇ ಒಂದು ಪೇಪರ್ ಕಟಿಂಗ್ ಅಂಟಿಸಿತ್ತು. ಎರಡು ವರ್ಷದ ಹಿಂದಿನ ಮಾತು.

ಅಕ್ಕ ಸೋಬಾನೆ ಹೇಳುವವಳು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಸೆಗೆ ಕೂರಿಸುವಾಗ ಅವಳನ್ನು ಕರೆಯುತ್ತಿದ್ದರು. ಬರೆದಿಟ್ಟುಕೊಂಡವಳಲ್ಲ, ಎಲ್ಲವೂ ಬಾಯಿಪಾಠ. ಆ ವರ್ಷದ ಒಂದು ಮದುವೆಯಲ್ಲಿ ಎರಡನೇ ಸೊಲ್ಲಿಗೇ ನಿಂತುಬಿಟ್ಟಳು. ಪಕ್ಕದಲ್ಲಿದ್ದವರು ಎತ್ತಿಕೊಟ್ಟರು. ಮತ್ತೆ ಮರೆತಳು. ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋಗಿ ಕೂತಳು. ಆಮೇಲೆ ಒಂದೊಂದೇ ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು. ಹಾಲು ಉಕ್ಕಿ ಚೆಲ್ಲಿದರೂ ಎದುರಿಗೇ ನಿಂತು ನೋಡುವುದು. ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುವುದು. ಚೈತ್ರದ ಬಿಸಿಲಲ್ಲೂ ಸ್ವೆಟರ್. ದನಿ ಒರಟಾಯಿತು. ಮುಖ ಬೆಳಿಗ್ಗೆ ಬೆಳಿಗ್ಗೆ ಊದಿಕೊಂಡಿರುತ್ತಿತ್ತು.

“ಚಿಕ್ಕಮ್ಮಾ, ಅಮ್ಮಂಗೂ ವಯಸ್ಸಾಯ್ತಲ್ವಾ” ಎಂದ ಅವಳ ಮಗ. ಅರವತ್ತಕ್ಕೆ ಅರಳುಮರಳು ಅನ್ನುವ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಜೀವಶಾಸ್ತ್ರ ಓದಿದ ನಾನೂ ತಲೆಯಾಡಿಸಿದೆ. ಒಂದು ಕಡೆ ಡಾಕ್ಟರಿಗೆ ತೋರಿಸಿದಾಗ ಅವರೂ ವಯಸ್ಸಿನ ಮರೆವು ಎಂದೇ ಹೇಳಿ ಕಳಿಸಿದ್ದರು. ಆಗ ಆ ಕಟಿಂಗ್ ಬಂತು. ಅದರ ಹಿಂದೆಯೇ ಮೆದುಳಿಗೆ ಒಳ್ಳೆಯದೆಂದು ಮಾರುವ ಒಂದು ಡಬ್ಬಿಯೂ ಬಂತು. ಮುಚ್ಚಳದ ಮೇಲೆ ಮೆದುಳಿನ ಚಿತ್ರ, ಅದರೊಳಗೆ ಚಿಗುರೊಡೆದ ಗಿಡ. ತಿಂಗಳಿಗೆ ಒಂದು ಡಬ್ಬಿ, ಒಂದಕ್ಕೆ 1,450 ರೂಪಾಯಿ. ಮಗ ಹೊಟ್ಟೆ ಬಟ್ಟೆ ಕಟ್ಟಿ ಒಂಬತ್ತು ಡಬ್ಬಿ ತರಿಸಿದ. ಅವನನ್ನು ನಾನು ದೂರುವುದಿಲ್ಲ. ತಾಯಿ ಕಣ್ಣೆದುರೇ ಮಂಕಾಗುತ್ತಿದ್ದರೆ ಯಾವ ಮಗ ಸುಮ್ನೆ ಕೂರುತ್ತಾನೆ?

ಕಾಲಿನ ಗಾಯ ಮಾಯುತ್ತಿಲ್ಲ ಎಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದು ಗಾಯದ ವಿಷಯವನ್ನಲ್ಲ. “ಅಜ್ಜೀ, ನಿಮ್ಮ ದನಿ ಮೊದಲಿಂದ ಹೀಗೇನಾ?” ಎಂದರು. ಅಕ್ಕನನ್ನು ಸ್ಟೂಲಿನ ಮೇಲೆ ಮಂಡಿಯೂರಿಸಿ, ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ತಟ್ಟಿದರು. ಪಾದ ಟಕ್ಕನೆ ಅಲ್ಲಾಡಿತು. ತನ್ನ ಜಾಗಕ್ಕೆ ವಾಪಸ್ ಬರುವಾಗ ಮಾತ್ರ ನಿಧಾನವಾಗಿ, ಎಣ್ಣೆ ಹಾಕದ ಬಾಗಿಲಿನ ಹಾಗೆ ಬಂತು. ಮತ್ತೆ ತಟ್ಟಿ ನನಗೂ ತೋರಿಸಿದರು. ಆ ನಿಧಾನ ನೋಡಿ ಥೈರಾಯ್ಡ್ ಮೇಲೆ ಅನುಮಾನ ಬಂದು, ಅದನ್ನು ತಿಳಿಯುವ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹೊರಗಿನ ಲ್ಯಾಬಿನಲ್ಲಿ 250 ರೂಪಾಯಿ ಆಯಿತು. ಬಂದ ಸಂಖ್ಯೆ 68. ಸಾಮಾನ್ಯವಾಗಿ ಅದು ನಾಲ್ಕರ ಆಸುಪಾಸಿನೊಳಗೆ ಇರಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಬೀದಿಯಲ್ಲೇ ಹಲವರು ತಪ್ಪು ತಿಳಿದಿದ್ದಾರೆ. ಈ ಸಂಖ್ಯೆ ಜಾಸ್ತಿ ಬಂದರೆ ಥೈರಾಯ್ಡ್ ಜಾಸ್ತಿಯಾಗಿದೆ ಅಂದುಕೊಳ್ಳುತ್ತಾರೆ. ಅದು ಉಲ್ಟಾ. ಟಿಎಸ್‌ಎಚ್ ಹೊರಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡಿದಷ್ಟೂ ಪಿಟ್ಯುಟರಿ ಜೋರಾಗಿ ಕೂಗಿ ಎಬ್ಬಿಸುತ್ತದೆ. 68 ಅಂದರೆ ಕೂಗಿ ಕೂಗಿ ಗಂಟಲು ಕಟ್ಟಿದೆ, ಥೈರಾಯ್ಡ್ ಮಾತ್ರ ಏಳುತ್ತಿಲ್ಲ ಅಂತ ಅರ್ಥ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು, ಅಕ್ಕನ ವಿಷಯ. ಇನ್ನೊಂದು, ನನ್ನ ಪಾಠದ ವಿಷಯ. ಹುಟ್ಟುವಾಗ ಎಷ್ಟು ನರಕೋಶ ಇರುತ್ತದೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ ಎಂದು ಎಷ್ಟೋ ಬ್ಯಾಚುಗಳಿಗೆ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದವಳು ನಾನು. ಸ್ಪೇನಿನ ರಮೋನ್ ಇ ಕಹಾಲ್ 1906ರಲ್ಲಿ ನೊಬೆಲ್ ಪಡೆದವರು, ನರಕೋಶವನ್ನು ಅವರಷ್ಟು ಚೆನ್ನಾಗಿ ನೋಡಿದವರು ಆಗ ಇರಲಿಲ್ಲ. ದೊಡ್ಡವರ ಮೆದುಳಿನಲ್ಲಿ ಎಲ್ಲವೂ ಸಾಯಬಹುದು, ಯಾವುದೂ ಮರಳಿ ಹುಟ್ಟಲಾರದು ಎಂಬರ್ಥದ ಮಾತನ್ನು ಅವರೇ ಬರೆದಿದ್ದರು. ಆ ಮಾತು ನನ್ನ ಬೋರ್ಡಿನವರೆಗೂ ಬಂದಿತ್ತು.

ನಿವೃತ್ತಿಯ ನಂತರ ಓದುವಾಗ ಗೊತ್ತಾಯಿತು, ನಾನು ಪಾಠ ಶುರು ಮಾಡುವ ಎಷ್ಟೋ ವರ್ಷ ಮೊದಲೇ ಇದಕ್ಕೆ ಉತ್ತರ ಸಿಕ್ಕಿತ್ತು. 1965ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಇಲಿಗಳ ಮೆದುಳಿನಲ್ಲಿ ಹೊಸ ನರಕೋಶಗಳನ್ನು ತೋರಿಸಿದ್ದರು. ಕೋಶ ಎರಡಾಗಬೇಕಾದರೆ ಹೊಸ ಡಿಎನ್‌ಎ ಕಟ್ಟಿಕೊಳ್ಳಬೇಕು, ಅದಕ್ಕೆ ಥೈಮಿಡಿನ್ ಎಂಬ ವಸ್ತು ಬೇಕು. ವಿಕಿರಣ ಸೂಸುವ ಥೈಮಿಡಿನ್ ಚುಚ್ಚಿದರೆ ಹೊಸದಾಗಿ ಹುಟ್ಟಿದ ಕೋಶಗಳಿಗೆ ಮಾತ್ರ ಗುರುತು ಬೀಳುತ್ತದೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಕಡಲ ಕುದುರೆಯ ಆಕಾರದ್ದು ಅದು, ಗುರುತು ಬಿದ್ದ ನರಕೋಶಗಳು ಸಿಕ್ಕವು. ಆಗ ಹೆಚ್ಚಿನವರು ನಂಬಲಿಲ್ಲ.

ನಂಬಿಸಿದ್ದರಲ್ಲಿ ಹಕ್ಕಿಗಳ ಪಾಲು ದೊಡ್ಡದು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಫರ್ನಾಂಡೊ ನಾಟೆಬೊಮ್ ಕ್ಯಾನರಿ ಹಕ್ಕಿಗಳನ್ನು ಸಾಕಿ ನೋಡುತ್ತಿದ್ದರು. ಕ್ಯಾನರಿಯಲ್ಲಿ ಹೆಚ್ಚಾಗಿ ಹಾಡುವುದು ಗಂಡು. ಹೆಣ್ಣಿಗೆ ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್ ಕೊಟ್ಟರೆ ಅದರ ಮೆದುಳಿನ ಹಾಡಿನ ಭಾಗ ದೊಡ್ಡದಾಗಿ, ಅದೂ ಗಂಡಿನಂತೆ ಹಾಡಲು ಶುರು ಮಾಡಿತು. 1983ರಲ್ಲಿ ಅವರು ಮತ್ತು ಸ್ಟೀವನ್ ಗೋಲ್ಡ್‌ಮನ್ ಬೆಳೆದ ಹಕ್ಕಿಯ ಮೆದುಳಿನ ಆ ಭಾಗದಲ್ಲಿ ಹೊಸ ನರಕೋಶಗಳು ಸೇರುತ್ತವೆ ಎಂದು ತೋರಿಸಿದರು. ಇದನ್ನು ಓದುವಾಗ ಸೊಲ್ಲು ಮರೆತು ಸೆರಗು ಕಚ್ಚಿ ಕೂತ ಅಕ್ಕ ಕಣ್ಣ ಮುಂದೆ ಬಂದಳು.

ಥೈರಾಯ್ಡ್ ಬಗ್ಗೆ ಹುಡುಕಿದಾಗ ಸಿಕ್ಕಿದ್ದು ನಮ್ಮ ದೇಶದ್ದೇ ಕೆಲಸ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ 2005ರಲ್ಲಿ ಪ್ರಕಟಿಸಿದ್ದು. ಬೆಳೆದ ಇಲಿಗಳಲ್ಲಿ ಥೈರಾಯ್ಡ್ ಹಾರ್ಮೋನನ್ನು ಕಡಿಮೆ ಮಾಡಿ ನೋಡಿದರು. ಹಿಪೊಕ್ಯಾಂಪಸ್‌ನಲ್ಲಿ ಹುಟ್ಟಿದ ಹೊಸ ಕೋಶಗಳಲ್ಲಿ ಬದುಕಿ ಉಳಿದವು ಕಡಿಮೆ, ಉಳಿದವುಗಳಲ್ಲಿ ನರಕೋಶವಾಗಿ ಬಲಿತವೂ ಕಡಿಮೆ. ಹಾರ್ಮೋನು ತಿರುಗಿ ಕೊಟ್ಟರೆ ಚೇತರಿಕೆ ಕಾಣುತ್ತದೆ ಎಂದು ಇಂಥ ಇಲಿ ಪ್ರಯೋಗಗಳು ಹೇಳಿವೆ. ಒತ್ತಡದ ಹಾರ್ಮೋನು ಜಾಸ್ತಿಯಾದರೆ ಹೊಸ ಕೋಶಗಳ ಹುಟ್ಟೇ ತಗ್ಗುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಎಲಿಜಬೆತ್ ಗೌಲ್ಡ್ 1990ರ ದಶಕದಲ್ಲೇ ತೋರಿಸಿದ್ದರು.

ಥೈರಾಯ್ಡ್ ಮಾತ್ರೆಯಿಂದ ಅಕ್ಕ ಚೇತರಿಸಿಕೊಂಡಳು, ಅದನ್ನು ಮುಂದೆ ಹೇಳುತ್ತೇನೆ. ಇಷ್ಟು ಓದಿದ ಮೇಲೂ, ಅವಳ ತಲೆಯಲ್ಲಿ ಆ ಮಾತ್ರೆಯಿಂದ ಹೊಸ ನರಕೋಶ ಹುಟ್ಟಿತು ಎಂದು ನಾನು ಹೇಳಲಾರೆ. ಥೈರಾಯ್ಡ್ ಹಾರ್ಮೋನು ಮೆದುಳಿನಲ್ಲಿ ಹತ್ತಾರು ಕೆಲಸ ಮಾಡುತ್ತದೆ. ಅದರಲ್ಲಿ ಯಾವುದರಿಂದ ಅವಳಿಗೆ ಗುಣ ಕಂಡಿತು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಈ ಕಾಗದ ಬರೆಯಲು ಮುಖ್ಯ ಕಾರಣವೂ ಇದೇ. ಬದುಕಿರುವ ಮನುಷ್ಯನ ಮೆದುಳಿನಲ್ಲಿ ಹೊಸ ನರಕೋಶ ಎಷ್ಟು ಹುಟ್ಟಿದೆ ಎಂದು ಎಣಿಸುವ ನಂಬಲರ್ಹ ವಿಧಾನ ಇವತ್ತಿಗೂ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣಿಸುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಇಲಿಯಲ್ಲಾದರೆ ಮೆದುಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಹಾಗಾದರೆ ಆ ಡಬ್ಬಿ ಮಾರಿದವರು ಯಾರ ತಲೆಯಲ್ಲಿ ಎಣಿಸಿ ಆ ಚಿಗುರಿನ ಚಿತ್ರ ಹಾಕಿದರು? ‘ಏಳು ಆಹಾರ’ ಎಂದು ಬರೆದವರು ಯಾರಲ್ಲಿ ನೋಡಿದರು?

ಮನುಷ್ಯರ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಸತ್ತ ನಂತರ ಮೆದುಳು ಕೊಟ್ಟವರಿಂದ ಬಂದದ್ದು. 1998ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್ಸನ್ ಮತ್ತು ಅಮೆರಿಕದ ಫ್ರೆಡ್ ಗೇಜ್ ಅವರ ತಂಡ ಐವರು ಕ್ಯಾನ್ಸರ್ ರೋಗಿಗಳ ಮೆದುಳಿನಲ್ಲಿ ಹೊಸ ನರಕೋಶ ಕಂಡಿತು. ಗಡ್ಡೆ ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಎಂದು ತಿಳಿಯಲು ಕೋಶಗಳಿಗೆ ಗುರುತು ಹಾಕುವ ಒಂದು ವಸ್ತುವನ್ನು ಆ ರೋಗಿಗಳಿಗೆ ಮೊದಲೇ ಚುಚ್ಚಿದ್ದರು. 2013ರಲ್ಲಿ ಸ್ವೀಡನ್ನಿನದೇ ಇನ್ನೊಂದು ತಂಡ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಕೋಶಗಳಲ್ಲಿ ಎಷ್ಟಿದೆ ಎಂಬುದರಿಂದ ಅವುಗಳ ವಯಸ್ಸು ಲೆಕ್ಕ ಹಾಕಿ, ಒಂದೊಂದು ಬದಿಯ ಹಿಪೊಕ್ಯಾಂಪಸ್‌ನಲ್ಲೂ ದಿನಕ್ಕೆ ಸುಮಾರು 700 ಹೊಸ ನರಕೋಶ ಎಂದು ಅಂದಾಜು ಮಾಡಿತು. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತಂಡ ದೊಡ್ಡವರಲ್ಲಿ ಒಂದೂ ಕಾಣುತ್ತಿಲ್ಲ ಎಂದಿತು. ಮರು ವರ್ಷ ಮ್ಯಾಡ್ರಿಡ್‌ನವರು ಸಾವಿರಾರು ಇವೆ, ಆದರೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಂದವರಲ್ಲಿ ಕಡಿಮೆ ಎಂದರು. ಸತ್ತ ಎಷ್ಟು ಹೊತ್ತಿಗೆ ಮೆದುಳು ತೆಗೆದರು, ಯಾವ ದ್ರಾವಣದಲ್ಲಿ ಎಷ್ಟು ದಿನ ಇಟ್ಟರು ಎಂಬುದರ ಮೇಲೂ ಫಲಿತಾಂಶ ಬದಲಾಗುತ್ತದೆ. 2025ರಲ್ಲಿ ಸ್ವೀಡನ್ನಿನಿಂದಲೇ ಬಂದ ಕೆಲಸ ದೊಡ್ಡವರಲ್ಲೂ ನರಕೋಶದ ತಾಯಿಕೋಶಗಳನ್ನು ಗುರುತಿಸಿದೆ. ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸ ಇದೆಯಂತೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಅದರ ಬಗ್ಗೆ ನಿಮ್ಮ ಪತ್ರಿಕೆ ಒಂದು ಇಡೀ ಪುಟ ಬರೆದರೂ ಕಡಿಮೆಯೇ.

ಇಲಿಯಿಂದ ಮನುಷ್ಯರಿಗೆ ಹಾರಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ವಯಸ್ಸಿನ ಹೆಂಗಸರೇ ಸಾಕ್ಷಿ. ಹೆಣ್ಣಿಲಿಯಲ್ಲಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಏರಿದ ದಿನ ಹೊಸ ಕೋಶ ಜಾಸ್ತಿ ಹುಟ್ಟುತ್ತವೆ ಎಂದು 1999ರಲ್ಲಿ ಗೊತ್ತಾಗಿತ್ತು. ಮುಟ್ಟು ನಿಂತವರಿಗೆ ಅದೇ ಹಾರ್ಮೋನು ಕೊಟ್ಟರೆ ನೆನಪು ಉಳಿಯುತ್ತದೆ ಎಂದು ಬಹಳ ಜನ ಆಸೆಪಟ್ಟಿದ್ದರು. ಅಮೆರಿಕದಲ್ಲಿ 65 ದಾಟಿದ ಸುಮಾರು ನಾಲ್ಕೂವರೆ ಸಾವಿರ ಹೆಂಗಸರಲ್ಲಿ ಅರ್ಧ ಜನಕ್ಕೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್, ಇನ್ನರ್ಧಕ್ಕೆ ಬರೀ ಹುಸಿ ಮಾತ್ರೆ ಕೊಟ್ಟು ನೋಡಿದರು. 2003ರಲ್ಲಿ ಫಲಿತಾಂಶ ಬಂತು. ಹಾರ್ಮೋನು ತೆಗೆದುಕೊಂಡ ಗುಂಪಿನಲ್ಲಿ ಮರೆಗುಳಿ ಕಾಯಿಲೆ ಸುಮಾರು ಎರಡರಷ್ಟಿತ್ತು. ನಿಮ್ಮ ಬಾಕ್ಸ್‌ನ ಆ ಎರಡು ಸಾಲು ಓದಿ ಯಾರಾದರೂ ಅಂಗಡಿಯಿಂದ ಹಾರ್ಮೋನು ಮಾತ್ರೆ ತಂದು ನುಂಗಿದರೆ? ಪಕ್ಕದ ಮನೆಯವರ ಥೈರಾಯ್ಡ್ ಮಾತ್ರೆ ಇಸಕೊಂಡು ನುಂಗಿದವರನ್ನು ನಾನು ನೋಡಿದ್ದೇನೆ. ಬೇಡದವರಿಗೆ ಅದರಿಂದ ಎದೆಬಡಿತ ತಪ್ಪಬಹುದು, ಮೂಳೆ ಸವೆಯಬಹುದು.

ಊಟದ ವಿಷಯವೂ ಹಾಗೆಯೇ. ಅರಿಶಿನ ಬೇಡ, ಮೀನು ಬೇಡ ಎಂದು ನಾನು ಹೇಳುತ್ತಿಲ್ಲ. ಆಹಾರ ಕಡಿಮೆ ಹಾಕಿ ಸಾಕಿದ ಇಲಿಗಳಲ್ಲಿ ಹೊಸ ಕೋಶ ಜಾಸ್ತಿ ಬದುಕಿದವು, ಕೊಬ್ಬು ಜಾಸ್ತಿ ಹಾಕಿದ ಗಂಡಿಲಿಗಳಲ್ಲಿ ಕಡಿಮೆಯಾದವು. ಚಕ್ರದ ಮೇಲೆ ಓಡಿದ ಇಲಿಗಳಲ್ಲಂತೂ ಬಹಳ ಹೆಚ್ಚಿದವು. ಇದೆಲ್ಲ ನಿಜ. ಆದರೆ ಇದನ್ನು ಓದಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಒಪ್ಪೊತ್ತು ಉಪವಾಸ ಮಾಡಿದರೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳಬಹುದು. ಮಣಿಪಾಲದಲ್ಲಿ ಒಂದೆಲಗದ ಹಸಿ ರಸ ಕುಡಿಸಿ ನೋಡಿದ್ದಾರೆ, ಅದೂ ಇಲಿಗಳಿಗೆ. ಇದ್ದ ನರಕೋಶಗಳ ಕವಲು ಹೆಚ್ಚಿತು ಎಂದು ಬರೆದಿದ್ದಾರೆ. ಹೊಸ ಕೋಶ ಹುಟ್ಟಿತು ಎಂಬ ಮಾತು ಅದರಲ್ಲಿಲ್ಲ. ನಮ್ಮ ಮನೆಯಲ್ಲಿ ವಾರಕ್ಕೊಂದು ದಿನ ಒಂದೆಲಗದ ಚಟ್ನಿ ಆಗುತ್ತದೆ, ರುಚಿಗೆ ತಿನ್ನುತ್ತೇವೆ. ಇನ್ನು ಕೊಬ್ಬರಿ. ನಾನು ಕೊಬ್ಬರಿ ಊರಿನವಳು. ಧಾರಣೆ ಏರಿದರೆ ನಮ್ಮ ಇಡೀ ಊರಿಗೆ ಖುಷಿ. ಆದರೂ ಕೊಬ್ಬರಿ ಎಣ್ಣೆಯಿಂದ ಮರೆವು ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ.

ಆಹಾರದಲ್ಲಿ ನಮ್ಮವರಿಗೆ ನಿಜಕ್ಕೂ ತಿಳಿಸಬೇಕಾದ್ದು ಬೇರೆ ಇದೆ. ಮಾಂಸ ಮೊಟ್ಟೆ ತಿನ್ನದ, ಹಾಲು ಮೊಸರೂ ಕಡಿಮೆಯಾದ ಮನೆಗಳಲ್ಲಿ ವಿಟಮಿನ್ ಬಿ12 ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಅದು ಇಳಿಯುತ್ತದೆ. ಕಾಲು ಜೋಮು, ನಡೆಯುವಾಗ ತೂಕ ತಪ್ಪುವುದು, ಮರೆವು ಎಲ್ಲ ಒಟ್ಟಿಗೆ ಬರಬಹುದು. ಬೇಗ ಪತ್ತೆಯಾದರೆ ಇಂಜೆಕ್ಷನ್‌ನಿಂದ ಸರಿಯಾಗುವ ಕಾಯಿಲೆ. ಹಾಗೇ ಉಪ್ಪು. ಈಗ ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಹೋಗುವವರು ಜಾಸ್ತಿಯಾಗಿದ್ದಾರೆ. ಥೈರಾಯ್ಡ್ ಹಾರ್ಮೋನು ಕಟ್ಟುವುದೇ ಅಯೋಡಿನ್‌ನಿಂದ. ಮನೆಯಲ್ಲಿ ಬಸುರಿ ಇದ್ದರಂತೂ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಅದು ಬೇಕೇಬೇಕು.

ಅಕ್ಕನಿಗೆ 25 ಮೈಕ್ರೊಗ್ರಾಂ ಮಾತ್ರೆಯಿಂದ ಶುರು ಮಾಡಿ ಮೆಲ್ಲಗೆ ಏರಿಸಿದರು. ಮೂರು ತಿಂಗಳಿಗೆ ಟಿಎಸ್‌ಎಚ್ 31ಕ್ಕೆ ಇಳಿದು ಅಲ್ಲೇ ನಿಂತಿತು. ಯಾಕೆ ಅಂತ ತಿಳಿಯಲಿಲ್ಲ. ಡಾಕ್ಟರಮ್ಮ, “ಮಾತ್ರೆ ಹೇಗೆ ನುಂಗ್ತೀರಿ, ಮಾಡಿ ತೋರಿಸಿ” ಎಂದರು. ಅಕ್ಕ ಎಡಗೈಯಲ್ಲಿ ಲೋಟ ಹಿಡಿದಂತೆ ಮಾಡಿ, ಮಾತ್ರೆ ಬಾಯಿಗೆ ಹಾಕಿ, ಊದಿ ಊದಿ ಕುಡಿದಂತೆ ತೋರಿಸಿದಳು. ಕಾಫಿ ಜೊತೆ ನುಂಗುತ್ತಿದ್ದಳು! ಕಾಫಿಯಿಂದ ಆ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮೇಲೆ ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತಿದ್ದಳು. ಅದಕ್ಕೆ ನಾಲ್ಕು ಗಂಟೆಯಾದರೂ ಅಂತರ ಬೇಕು. ಅಂದಿನಿಂದ ಸೊಸೆ ರಾತ್ರಿಯೇ ಹಾಸಿಗೆ ಪಕ್ಕದ ಗೂಡಿನಲ್ಲಿ ಒಂದು ಚೊಂಬು ನೀರು, ಮಾತ್ರೆ ಬಾಟಲಿ ಇಡುತ್ತಾಳೆ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ, ಒಂದು ಗಂಟೆಯ ನಂತರ ಕಾಫಿ, ಮಧ್ಯಾಹ್ನ ಊಟವಾದ ಮೇಲೆ ಕ್ಯಾಲ್ಸಿಯಂ. ಮುಂದಿನ ಪರೀಕ್ಷೆಯಲ್ಲಿ 6 ಬಂತು, ಅದರ ಮುಂದಿನದರಲ್ಲಿ 3.

ಈ ಮಾಘದಲ್ಲಿ ನಮ್ಮ ಸಂಬಂಧಿಕರ ಮದುವೆಯಲ್ಲಿ ಅಕ್ಕ ಹಸೆ ಮುಂದೆ ಕೂತಳು. ಪೂರ್ತಿ ಹೇಳಿದಳು. ದನಿ ಮೊದಲಿನಷ್ಟು ತೆಳುವಾಗಿಲ್ಲ, ನಡುವೆ ಒಂದು ಕಡೆ ತಡವರಿಸಿ ಮತ್ತೆ ಹಿಡಿದಳು. ಎಲ್ಲರ ಮರೆವೂ ಹೀಗೆ ವಾಪಸ್ ಬರುವುದಿಲ್ಲ ಎಂದು ನನಗೆ ಗೊತ್ತು. ಆಲ್ಝೈಮರ್‌ಗೆ ಇವತ್ತಿಗೂ ವಾಸಿ ಮಾಡುವ ಔಷಧ ಇಲ್ಲ. ಅದಕ್ಕೇ, ವಾಸಿಯಾಗುವ ಮರೆವು ಇದೆಯಾ ಎಂದು ಮೊದಲು ನೋಡಬೇಕು. ಒಂಬತ್ತು ಡಬ್ಬಿಗೆ ಹೋದ 13,050 ರೂಪಾಯಿಗಿಂತ ನನಗೆ ಹೊಟ್ಟೆ ಉರಿಸುವುದು ಹೋದ ಆ ಒಂಬತ್ತು ತಿಂಗಳು.

ಸಂಪಾದಕರೇ, ನಾನು ಕೇಳುವುದು ಇಷ್ಟು. ಮೆದುಳಿನ ಸುದ್ದಿ ಹಾಕುವಾಗ ಪ್ರಯೋಗ ನಡೆದದ್ದು ಇಲಿಯಲ್ಲೋ ಮನುಷ್ಯರಲ್ಲೋ ಎಂದು ತಲೆಬರಹದಲ್ಲೇ ಹೇಳಿ. ‘ಇಲಿಗಳಲ್ಲಿ’ ಎಂಬ ಪದಕ್ಕೆ ಬೇಕಾದ ಜಾಗ ಅರ್ಧ ಇಂಚು. ಮರೆವಿನ ಬಗ್ಗೆ ಬರೆದಾಗಲೆಲ್ಲ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಮನೆಯ ಹಿರಿಯರಿಗೆ ಹೊಸದಾಗಿ ಮರೆವು ಬಂದರೆ ಡಾಕ್ಟರಿಗೆ ತೋರಿಸಿ, ಟಿಎಸ್‌ಎಚ್ ಮತ್ತು ಬಿ12 ಪರೀಕ್ಷೆಯ ಬಗ್ಗೆ ಕೇಳಿ. ಕಳೆದ ವಾರದ ಬರಹಕ್ಕೆ ಮುಂದಿನ ಭಾನುವಾರ ಒಂದು ತಿದ್ದುಪಡಿ ಕೊಡಿ, ಬರಹ ಬಂದ ಅದೇ ಪುಟದಲ್ಲಿ, ಅದೇ ದೊಡ್ಡ ಅಕ್ಷರದಲ್ಲಿ.

ಅಕ್ಕನ ಮನೆಗೆ ನಿಮ್ಮ ಪತ್ರಿಕೆ ಬೆಳಿಗ್ಗೆ ಆರಕ್ಕೆ ಬರುತ್ತದೆ. ಮಾತ್ರೆ ನುಂಗಿ ಕಾಫಿಗೆ ಕಾಯುವ ಆ ಒಂದು ಗಂಟೆ ಅವಳು ಜಗಲಿಯಲ್ಲಿ ಕೂತು ಅದನ್ನೇ ಓದುತ್ತಾಳೆ, ಮೊದಲ ಪುಟದಿಂದ ಕೊನೆಯವರೆಗೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ತಿಪಟೂರು